ಗದ್ದೆ ಹಾಡು ಉಳಿಸೋಕೆ ದ್ವೀಪದವರ ದಾರಿ ನಮಗೆ ಆಗುತ್ತದಾ?

ಬದಿಯಡ್ಕದವ: ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಬಾರಾ, ಲೂಯಿಸ್ ಅಂತ ದ್ವೀಪಗಳಿವೆ, ಗೇಲಿಕ್ ಮಾತು ಇನ್ನೂ ಉಳಿದಿರುವ ಜಾಗ. ಅಲ್ಲಿ ಹೆಂಗಸರು ಮೇಜಿನ ಸುತ್ತ ಕೂತು ಒದ್ದೆ ಉಣ್ಣೆ ಬಟ್ಟೆ ಬಡಿಯುತ್ತಾ ಹಾಡುತ್ತಿದ್ದರು, ಒಬ್ಬಳು ಸಾಲು ಎತ್ತಿದರೆ ಉಳಿದವರು ಸೊಲ್ಲು ಸೇರಿಸುವುದು, ಗದ್ದೆಯಲ್ಲಿ ನಾಟಿ ಮಾಡುತ್ತಾ ಹಾಡುವ ನಮ್ಮ ತುಳು ಹಾಡು ಓಬೇಲೆ ಹಾಗೇ. ಬಟ್ಟೆ ಬಡಿಯುವ ಕೆಲಸ ಹೋದರೂ ಹಾಡು ಉಳಿದಿದೆ. ಇಲ್ಲಿ ಗದ್ದೆಗೆ ಅಡಿಕೆ ಬಂತು, ಹಾಡೂ ಹೋಯ್ತು. ಅವರು ಹೇಗೆ ಉಳಿಸಿಕೊಂಡರು?

ಕುಂಬಳೆ ಪುಳ್ಳಿ: 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಇದಕ್ಕೇ ಒಂದು ವಿಭಾಗ ತೆರೆಯಿತು. ಅವರು ಟೇಪ್ ರೆಕಾರ್ಡರ್ ಹೊತ್ತು ಮನೆಮನೆಗೆ ಹೋದರು. ಅದರಲ್ಲಿ ಸಾವಿರಾರು ಧ್ವನಿಗಳು ಈಗ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತವೆ.

ಗಡಿ ಕನ್ನಡತಿ: ಸುಮ್ನೆ ರೆಕಾರ್ಡ್ ಮಾಡಿಟ್ಟರೆ ಆಗಲ್ಲ ಮಾರಾಯ್ರೆ, ಮಕ್ಕಳ ಬಾಯಿಗೆ ಬರಬೇಕು. 1981ರಲ್ಲಿ ಬಾರಾದವರು ಮಕ್ಕಳಿಗೆ ಹಾಡು, ವಾದ್ಯ ಕಲಿಸುವ ‘ಫೇಶ್’ ಶುರು ಮಾಡಿದರು, ಆಮೇಲೆ ಅದು ಊರೂರಿಗೆ ಹಬ್ಬಿತು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆಯಲ್ಲಿ ಯಕ್ಷಗಾನ ಉಳಿದದ್ದೂ ಹೀಗೇ ಅಲ್ವಾ, ಎಳೆಯರು ಹೆಜ್ಜೆ ಕಲಿಯುತ್ತಲೇ ಇದ್ದಾರೆ. ಓಬೇಲೆಗೆ ಯಾರೂ ತರಗತಿ ಮಾಡಲಿಲ್ಲ, ಅದು ಕೂಲಿಯವರ ಹಾಡು ಅಂತ ಅಸಡ್ಡೆ. ನನಗೆ ಜಾಸ್ತಿ ಸಿಟ್ಟು ಬರುವುದು ಅಲ್ಲೇ.

ಕುಂಬಳೆ ಪುಳ್ಳಿ: ಅಕ್ಕ ಹೇಳಿದ್ದು ಸರಿ. ಆದರೂ ಹಾಡುವ ಅಜ್ಜಿಯರು ಇರುವಾಗಲೇ ಮೊಬೈಲಲ್ಲಿ ಹಿಡಿದಿಡಿ. ಮೊದಲು ಅವರ ಒಪ್ಪಿಗೆ ಕೇಳಿ. ಹೆಸರು, ಊರು, ಯಾರಿಂದ ಕಲಿತರು ಅನ್ನುವುದನ್ನು ಅದರಲ್ಲೇ ಹೇಳಿಸಿ. ಫ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಬರೀ ಗಾಳಿ ಸದ್ದು.