ಮನೆಯ ಮಾಡಿನ (ಚಾವಣಿಯ) ಕೆಲಸಕ್ಕೆ ನಂಬಿಕಸ್ಥ ಕಂಟ್ರಾಕ್ಟರ್ ಸಿಗುವುದು ಹೇಗೆ? – ಅನುಭವ ಹಂಚಿಕೆ

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ: ನಮ್ಮದು ಹಳೆ ಹೆಂಚಿನ ಮನೆ. ಹೆಂಚು ಹೊತ್ತ ಮರದ ಪಕಾಸು, ರೀಪು ಎಲ್ಲ ಗೆದ್ದಲು ಹಿಡಿದಿವೆ. ಮರ ತೆಗೆಸಿ ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು) ಹಾಕಿಸಬೇಕು. ಮೇಲೆ ಅದೇ ಹೆಂಚೋ, ತಗಡಿನ ಶೀಟೋ ಇನ್ನೂ ತೀರ್ಮಾನ ಆಗಿಲ್ಲ. ಮೂವರು ಮೂರು ರೇಟ್ ಹೇಳಿದ್ದಾರೆ. ಯಾರನ್ನು ನಂಬುವುದು? ಮಾಡಿಸಿದವರು ದಯವಿಟ್ಟು ಹೇಳಿ.

ಹೊಸನಗರದಿಂದ: ನಮ್ಮ ಮನೆಯ ಮಾಡು ಬದಲಾಯಿಸಿ ಕೆಲವು ಮಳೆಗಾಲ ಕಳೆದವು, ಎಲ್ಲೂ ಸೋರಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ರೇಟನ್ನು ಕೊನೆಗೆ ನೋಡಿ. ಮೊದಲು ಅವರು ಮಾಡಿದ ಮನೆಗಳನ್ನು ನೋಡಿ. ಮೊನ್ನೆ ಮುಗಿಸಿದ್ದಲ್ಲ, ಎರಡು ಮಳೆಗಾಲವಾದರೂ ಕಂಡಿದ್ದು. ಹೊಸದರಲ್ಲಿ ಎಲ್ಲರ ಕೆಲಸವೂ ಚೆನ್ನಾಗೇ ಕಾಣುತ್ತದೆ. ನಮ್ಮ ಕಡೆ ಆಷಾಢದ ಗಾಳಿಮಳೆ ಹೊಡೆದಾಗಲೇ ಬಣ್ಣ ಬಯಲಾಗುವುದು. ಅಲ್ಲಿ ಹೋದಾಗ ಮನೆ ಯಜಮಾನರನ್ನಷ್ಟೇ ಅಲ್ಲ, ಅಡುಗೆಮನೆಯಲ್ಲಿ ಇರುವವರನ್ನೂ ಕೇಳಿ. ಸೋರುವಲ್ಲಿ ಪಾತ್ರೆ ಇಡುವವರು ಅವರೇ ಅಲ್ವಾ? ಎರಡು ಮಾಡು ಸೇರುವ ಮೂಲೆ, ಮಾಡು ಗೋಡೆಗೆ ತಾಗುವ ಜಾಗ, ಇವೆರಡನ್ನು ತಲೆ ಎತ್ತಿ ನೋಡಿ. ನೀರಿಳಿದ ಗೆರೆ ಇದ್ದರೆ ಅಲ್ಲೇ ಇರುತ್ತದೆ. ವೆಲ್ಡಿಂಗ್ ಹಾಕಿದ ಕಡೆ ತುಕ್ಕು ಬಂದಿದ್ದರೆ ಪ್ರೈಮರ್ (ತುಕ್ಕು ತಡೆಯುವ ಮೊದಲ ಬಣ್ಣ) ಸರಿಯಾಗಿ ಬಳಿದಿಲ್ಲ ಅಂತ ತಿಳಿಯಿರಿ.

ರೇಟ್ ಹೇಳುವ ಮೊದಲು ಆ ಮೂವರಲ್ಲಿ ಯಾರು ಮೇಲೆ ಹತ್ತಿ ನೋಡಿದರು? ಫೋಟೋ ನೋಡಿ ಚದರ ಅಡಿಗೆ ಇಷ್ಟು ಅಂದವರನ್ನು ನಾನು ಆಗಲೇ ಕೈಬಿಟ್ಟೆ. ನಮಗೆ ಮಾಡಿಕೊಟ್ಟವರು ಬಂದ ಕೂಡಲೇ ಏಣಿ ಕೇಳಿದರು. ಎರಡು ಹೆಂಚು ಸರಿಸಿ, ಗೋಡೆಯ ತಲೆಯನ್ನು ಬೆರಳಿನಿಂದ ಕೆರೆದರು. ಮಣ್ಣು ಉದುರಿತು. 'ಇದರ ಮೇಲೆ ಹಾಗೇ ಟ್ರಸ್ ಕೂರಿಸಿದ್ರೆ ನಿಲ್ಲಲ್ಲ ಸಾರ್, ಸುತ್ತ ಕಾಂಕ್ರೀಟ್ ಬೆಲ್ಟ್ ಹಾಕಿ ಅದರಲ್ಲಿ ಬೋಲ್ಟ್ ಕೂರಿಸಬೇಕು' ಅಂದರು. ಖರ್ಚು ಜಾಸ್ತಿಯಾಯಿತು ನಿಜ. ಆದರೆ ಬೇರೆ ಯಾರೂ ಆ ಮಾತೇ ಎತ್ತಿರಲಿಲ್ಲ. ನನಗೆ ನಂಬಿಕೆ ಬಂದಿದ್ದು ಅಲ್ಲಿಯೇ.

ಇನ್ನು ಮೂರು ರೇಟಿನ ವಿಷಯ. ಅವು ಒಂದೇ ಕೆಲಸಕ್ಕೆ ಹೇಳಿದ ರೇಟ್ ಆಗಿರುವುದೇ ಇಲ್ಲ. ಒಬ್ಬರ ಲೆಕ್ಕದಲ್ಲಿ ಪೈಪಿನ ದಪ್ಪ 2 ಎಂ.ಎಂ., ಇನ್ನೊಬ್ಬರದು 1.6. ಒಬ್ಬರು 0.50 ಎಂ.ಎಂ. ಶೀಟ್ ಹಿಡಿದಿರುತ್ತಾರೆ, ಇನ್ನೊಬ್ಬರು 0.40. ಹಾಗಾಗಿ ಏನೇನು ಬೇಕು ಅಂತ ನೀವೇ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಅದನ್ನೇ ಕೊಡಿ. ಸಾಮಾನು ಬಂದ ದಿನ ತೂಕ ಹಾಕಿಸಿ. 2 ಇಂಚು ಚೌಕದ, 20 ಅಡಿ ಉದ್ದದ ಪೈಪ್ 2 ಎಂ.ಎಂ. ದಪ್ಪದ್ದಾದರೆ ಸುಮಾರು 18 ಕೆ.ಜಿ. ಬರಬೇಕು. 14 ಕೆ.ಜಿ. ಆಸುಪಾಸು ಬಂದರೆ ಅದು 1.6ರದ್ದು. ತಕ್ಕಡಿ ತರುತ್ತೇನೆ ಅಂದಾಗ ಮುಖ ಗಂಟಿಕ್ಕುವವರಿಗೆ ಕೆಲಸ ಕೊಡಬೇಡಿ.

ಅಳತೆಯೂ ಮೊದಲೇ ಬರೆಸಿಕೊಳ್ಳಿ. ನೆಲದ ಅಳತೆಗೆ ದುಡ್ಡೋ, ಮಾಡಿನ ಇಳಿಜಾರಿನ ಅಳತೆಗೋ? 30 ಡಿಗ್ರಿ ಇಳಿಜಾರಿದ್ದರೆ ಮಾಡು ನೆಲಕ್ಕಿಂತ ನೂರಕ್ಕೆ 15ರಷ್ಟು ಜಾಸ್ತಿ ಆಗುತ್ತದೆ, ಸೂರು ಚಾಚಿದ್ದು ಬೇರೆ. ಕಡಿಮೆ ರೇಟ್ ಹೇಳಿದವರು ಕೊನೆಯಲ್ಲಿ ಟೇಪ್ ಹಿಡಿದಾಗ ಜಗಳ ಶುರುವಾಗುವುದು ಇಲ್ಲೇ. ಶೀಟಿನ ಮೇಲೆ ಶೀಟು ಹೊದ್ದ ಭಾಗವನ್ನು ಎರಡು ಸಲ ಎಣಿಸುತ್ತಾರಾ, ರಿಡ್ಜ್ (ಮಾಡಿನ ನೆತ್ತಿಯ ಮುಚ್ಚಿಗೆ) ಮತ್ತು ಸೂರಿನ ನೀರು ಹರಿಯುವ ದಂಬೆಗೆ ಬೇರೆ ದುಡ್ಡಾ, ಅದನ್ನೂ ಕೇಳಿ.

ದುಡ್ಡು ಕೆಲಸ ಆದಷ್ಟೇ ಕೊಡಿ. ಸಾಮಾನು ಅಂಗಳಕ್ಕೆ ಬಂದಾಗ ಒಂದಿಷ್ಟು, ಟ್ರಸ್ ನಿಂತಾಗ ಒಂದಿಷ್ಟು, ಹೊದಿಸಿದ ಮೇಲೆ ಒಂದಿಷ್ಟು. ನೂರಕ್ಕೆ ಹತ್ತರಷ್ಟನ್ನು ಮೊದಲ ಜೋರು ಮಳೆ ಆಗುವ ತನಕ ಇಟ್ಟುಕೊಳ್ಳುತ್ತೇನೆ ಅಂತ ಒಪ್ಪಂದದಲ್ಲೇ ಬರೆಯಿರಿ. ಕೆಲಸದ ಮೇಲೆ ಭರವಸೆ ಇರುವವರು ಒಪ್ಪುತ್ತಾರೆ, ನಮ್ಮವರು ಒಪ್ಪಿದರು.

ಸಾಗರದಿಂದ: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದೀಪಾವಳಿ ಕಳೆದ ಕೂಡಲೇ ಶುರು ಮಾಡಿ. ಮೇ ತಿಂಗಳಲ್ಲಿ ಎಲ್ಲರಿಗೂ ಅವಸರ. ಒಬ್ಬರೇ ನಾಲ್ಕೈದು ಮನೆಯ ಅಡ್ವಾನ್ಸ್ ಹಿಡಿದಿರುತ್ತಾರೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಹೆಂಚು ಇಳಿಸಿ ಹೋದವರು ರೋಹಿಣಿ ಮಳೆ ಬಂದರೂ ತಿರುಗಿ ನೋಡಲಿಲ್ಲ. ಟಾರ್ಪಾಲ್ ಕೆಳಗೇ ಅಡುಗೆ ಮಾಡಿದರು, ಮಣ್ಣಿನ ಗೋಡೆ ಒಂದು ಕಡೆ ಕುಸಿಯಿತು. ಟ್ರಸ್ ಪೂರ್ತಿ ತಯಾರಾಗಿ ನಿಮ್ಮ ಅಂಗಳದಲ್ಲಿ ಇರುವ ತನಕ ಒಂದು ಹೆಂಚನ್ನೂ ಇಳಿಸಲು ಬಿಡಬೇಡಿ.

ಹಳೆ ಮರ, ಹಳೆ ಹೆಂಚು ಯಾರಿಗೆ ಸೇರಿದ್ದು ಅಂತಲೂ ಮಾತಾಡಿಕೊಳ್ಳಿ. ಗೆದ್ದಲು ಹಿಡಿದಿದೆ ಅಂತ ಸುಮ್ನೆ ಬಿಟ್ಟುಕೊಡಬೇಡಿ. ಬೋಗಿ, ಹಲಸಿನ ತೊಲೆಗಳ ಒಳತಿರುಳು ಎಷ್ಟೋ ಸಲ ಗಟ್ಟಿಯಾಗೇ ಇರುತ್ತದೆ. ಹಳೆ ಮಂಗಳೂರು ಹೆಂಚು ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟಣ್ ಅಂದರೆ ತೊಳೆದು ಮತ್ತೆ ಹಾಕಬಹುದು. ಮಂಕಾದ ಸದ್ದು ಬಂದರೆ ಬಿರುಕು ಬಿಟ್ಟಿದೆ ಅಂತ.

ಶಿವಮೊಗ್ಗದಿಂದ, ಫ್ಯಾಬ್ರಿಕೇಷನ್ ಕೆಲಸ ಮಾಡುವವನು: ಹೆಂಚೋ ಶೀಟೋ ಅನ್ನುವುದನ್ನು ಟ್ರಸ್ ಮಾಡಿಸುವ ಮೊದಲೇ ತೀರ್ಮಾನಿಸಿ. 100 ಚದರ ಅಡಿಗೆ ಸುಮಾರು 150 ಹೆಂಚು ಬೇಕು, ಅಂದರೆ 300 ಕೆ.ಜಿ. ಮೇಲೆಯೇ. ಅಷ್ಟೇ ಜಾಗದ ಶೀಟ್ 50 ಕೆ.ಜಿ. ಒಳಗೆ. ಶೀಟಿಗೆ ಮಾಡಿದ ಟ್ರಸ್ ಮೇಲೆ ಹೆಂಚು ಹೊರಿಸಲಾಗದು. ಶೀಟ್ ಹಗುರ, ಆದರೆ ಗಾಳಿ ಅದನ್ನು ಕೆಳಗಿನಿಂದ ಎತ್ತುತ್ತದೆ. ಅದಕ್ಕೆ ಬೋಲ್ಟ್, ಸ್ಕ್ರೂ ಸರಿಯಾಗಿರಬೇಕು. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಅಪ್ಪಚ್ಚಿಯಾಗಿ ಹೊರಗೆ ಬಂದಿದ್ದರೆ ಜಾಸ್ತಿ ಬಿಗಿದಿದ್ದಾರೆ, ತಿರುಗುತ್ತಿದ್ದರೆ ಕಡಿಮೆ. ಎರಡೂ ಸೋರುತ್ತವೆ. ಬಣ್ಣದ ಶೀಟನ್ನು ಕಬ್ಬಿಣ ಕತ್ತರಿಸುವ ಗ್ರೈಂಡರ್‌ನಲ್ಲಿ ಕತ್ತರಿಸಲು ಬಿಡಬೇಡಿ. ಕಿಡಿ ಬಿದ್ದಲ್ಲೆಲ್ಲ ಕೋಟಿಂಗ್ ಸುಟ್ಟು ಚುಕ್ಕಿ ಚುಕ್ಕಿಯಾಗಿ ತುಕ್ಕು ಏಳುತ್ತದೆ. ಅಳತೆಗೆ ಸರಿಯಾಗಿ ಕತ್ತರಿಸಿಯೇ ತರಿಸಬಹುದು.

ಮೇಲೆ ಹತ್ತುವ ಹುಡುಗರಿಗೆ ಸೇಫ್ಟಿ ಬೆಲ್ಟ್ ಕೊಡುತ್ತಾರಾ, ಇನ್ಶೂರೆನ್ಸ್ ಮಾಡಿಸಿದ್ದಾರಾ ಅಂತ ಕೇಳಿ. ಅವರ ಜೀವ ನೋಡಿಕೊಳ್ಳದವರು ನಿಮ್ಮ ಮನೆಯನ್ನು ನೋಡಿಕೊಳ್ಳುವುದಿಲ್ಲ.

ಮತ್ತೊಬ್ಬರು, ಸಾಗರದಿಂದಲೇ: ಬಿಲ್ ತಗೊಳ್ಳಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಕೆಲಸ ಕೆಟ್ಟರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಿ. ಬಿಲ್ಲೂ ಇಲ್ಲ, ಒಪ್ಪಂದವೂ ಇಲ್ಲ ಅಂದರೆ ಅಲ್ಲಿ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.