ಶುಗರ್ ಇರುವ ಬೆಕ್ಕಿಗೆ ಈಗ ಲಿವರ್ ತೊಂದರೆಯೂ ಬಂದಿದೆ, ಊಟ ವಾಂತಿಯಾದ ದಿನ ಇನ್ಸುಲಿನ್ ಕೊಡಬೇಕಾ ಬೇಡವಾ?

ಚುಕ್ಕಿಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಚುಕ್ಕಿಗೆ 11 ವರ್ಷ. ಎರಡು ತಿಂಗಳ ಹಿಂದೆ ಶುಗರ್ ಇದೆ ಅಂತ ಗೊತ್ತಾಯಿತು. ಆಗ 6 ಕೆಜಿ ಇದ್ದಳು. ಗ್ಲಾರ್ಜಿನ್ ಇನ್ಸುಲಿನ್ ಬೆಳಿಗ್ಗೆ 1 ಯೂನಿಟ್, ರಾತ್ರಿ 1 ಯೂನಿಟ್. ಒಣ ಆಹಾರ ಬಿಡಿಸಿ ಡಬ್ಬಿಯ ಮೆತ್ತನೆ ಆಹಾರಕ್ಕೆ ತನ್ನಿ ಅಂದಿದ್ದರು, ನಾನು ಒಂದೇ ದಿನದಲ್ಲಿ ಬದಲಾಯಿಸಿಬಿಟ್ಟೆ. ಅವಳು ಬಟ್ಟಲ ಹತ್ತಿರ ಬಂದು ಮೂಸಿ, ತುಟಿ ನೆಕ್ಕಿಕೊಂಡು ವಾಪಸ್ ಹೋಗುತ್ತಿದ್ದಳು. ಹಸಿವಾದರೆ ತಾನಾಗಿಯೇ ತಿನ್ನುತ್ತಾಳೆ ಅಂತ ನಾಲ್ಕು ದಿನ ಕಾದೆ. ಐದನೇ ದಿನ ಕಿವಿಯ ಒಳಗಡೆ ಹಳದಿ ಕಂಡಿತು, ವಸಡೂ ಹಳದಿ. ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡಿದೆ ಅಂದರು. ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ಟ್ಯೂಬ್ ಹಾಕಿ, ಆರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮೊನ್ನೆ ಮನೆಗೆ ಕಳಿಸಿದ್ದಾರೆ. ಈಗ ತೂಕ 5 ಕೆಜಿ.

ನಿನ್ನೆ ಬೆಳಿಗ್ಗೆ ಶುಗರ್ 310. ಮೊದಲು ಇನ್ಸುಲಿನ್ ಕೊಟ್ಟೆ, ಆಮೇಲೆ ಟ್ಯೂಬ್‌ನಲ್ಲಿ ಊಟ ಹಾಕಿದೆ. ಹತ್ತೇ ನಿಮಿಷಕ್ಕೆ ಎಲ್ಲಾ ವಾಂತಿ. ಹೊಟ್ಟೆಯಲ್ಲಿ ಏನೂ ಇಲ್ಲ, ಒಳಗೆ ಇನ್ಸುಲಿನ್ ಕೆಲಸ ಮಾಡುತ್ತಿದೆ. ಇಡೀ ದಿನ ಎರಡು ಗಂಟೆಗೊಮ್ಮೆ ಕಿವಿ ಚುಚ್ಚಿ ನೋಡುತ್ತಾ ಕೂತೆ. 95ರವರೆಗೆ ಇಳಿದು ನಿಂತಿತು. ಇಂಥ ದಿನ ಇನ್ಸುಲಿನ್ ಕೊಡಬೇಕಾ, ಬಿಡಬೇಕಾ? ಇನ್ನೊಂದು, ಲಿವರ್ ಕೆಟ್ಟಿದ್ದರೆ ಪ್ರೋಟೀನ್ ಕಡಿಮೆ ಮಾಡಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ಶುಗರ್ ಇರುವ ಬೆಕ್ಕಿಗೆ ಪ್ರೋಟೀನೇ ಜಾಸ್ತಿ ಇರಬೇಕು ಅಂತ ಡಾಕ್ಟರ್ ಹೇಳಿದ್ದರು. ಯಾವುದನ್ನು ನಂಬಲಿ? ಚುಚ್ಚುವ ಬದಲು ಬಾಯಿಗೆ ಹಾಕುವ ಔಷಧಿ ಬಂದಿದೆಯಂತೆ, ಅದು ಆಗುತ್ತದಾ?

ಬೂದನಜೊತೆ:

ನಿಮ್ಮ ಪೋಸ್ಟ್ ಓದಿ ನನ್ನ ಬೂದನ ದಿನಗಳೆಲ್ಲ ನೆನಪಾದವು. ಅವನಿಗೂ ಶುಗರ್, ಅವನಿಗೂ ಇದೇ ಲಿವರ್ ತೊಂದರೆ, ಏಳು ವಾರ ಟ್ಯೂಬ್ ಇತ್ತು. ಹುಷಾರಾದ. ಹಾಗಾಗಿ ಧೈರ್ಯವಾಗಿರಿ.

ಎಲ್ಲಕ್ಕಿಂತ ಮೊದಲು ಊಟ. ಬೆಕ್ಕು ಊಟ ಬಿಟ್ಟರೆ ಮೈಯಲ್ಲಿರುವ ಕೊಬ್ಬು ಕರಗಿ ಲಿವರ್‌ಗೆ ಬರುತ್ತದೆ, ಅಷ್ಟನ್ನು ಲಿವರ್ ಸಂಭಾಳಿಸಲಾರದೆ ತಾನೇ ತುಂಬಿಕೊಳ್ಳುತ್ತದೆ. ದಪ್ಪಗಿರುವ ಬೆಕ್ಕುಗಳಲ್ಲಿ ಇದು ಬೇಗ. ಶುಗರ್ ಇದ್ದರೆ ಇನ್ನೂ ಸುಲಭ, ಯಾಕೆಂದರೆ ಇನ್ಸುಲಿನ್ ಸಾಲದಿದ್ದಾಗ ಕೊಬ್ಬು ಕರಗುವುದಕ್ಕೆ ತಡೆಯೇ ಇರುವುದಿಲ್ಲ. ಇದನ್ನು ವಾಪಸ್ ತಿರುಗಿಸುವ ಮುಖ್ಯ ಔಷಧಿ ಊಟವೇ. ಶುಗರ್ ನಾಲ್ಕು ದಿನ 250, 300ರಲ್ಲಿ ಇದ್ದರೆ ತಡೆದುಕೊಳ್ಳಬಹುದು, ಊಟವಿಲ್ಲದ ನಾಲ್ಕು ದಿನ ಏನು ಮಾಡುತ್ತದೆ ಅಂತ ನೀವೇ ನೋಡಿದ್ದೀರಿ. ಅದಕ್ಕೇ ನಮ್ಮ ಡಾಕ್ಟರ್ ಈ ಹಂತದಲ್ಲಿ ಶುಗರ್ ತೀರಾ ಬಿಗಿಯಾಗಿ ಹಿಡಿಯಲು ಹೋಗಲಿಲ್ಲ. ತುಂಬಾ ಕೆಳಗೆ ಇಳಿಯದಿರಲಿ ಅನ್ನುವುದೇ ಅವರ ಚಿಂತೆ.

ನಿನ್ನೆ ಆದದ್ದಕ್ಕೆ ಪರಿಹಾರ ಕ್ರಮ ಬದಲಾಯಿಸುವುದು. ಮೊದಲು ಶುಗರ್ ನೋಡಿ. ಆಮೇಲೆ ಊಟ ಹಾಕಿ. ಇಪ್ಪತ್ತು ಮೂವತ್ತು ನಿಮಿಷ ಕಾಯಿರಿ. ಊಟ ಒಳಗೆ ನಿಂತಿದೆ ಅಂತ ಖಾತ್ರಿಯಾದ ಮೇಲೆ ಇನ್ಸುಲಿನ್. ಗ್ಲಾರ್ಜಿನ್ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಅರ್ಧ ಗಂಟೆ ತಡವಾದರೆ ಏನೂ ಆಗುವುದಿಲ್ಲ. ವಾಂತಿಯಾಗಿಬಿಟ್ಟರೆ ಪೂರ್ತಿ ಡೋಸ್ ಕೊಡಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಶುಗರ್ ಕಡಿಮೆ ಇದ್ದರೆ ಆ ಹೊತ್ತಿನದನ್ನು ಬಿಡಲು ಹೇಳುತ್ತಾರೆ, ಜಾಸ್ತಿ ಇದ್ದರೆ ಸಾಮಾನ್ಯವಾಗಿ ಅರ್ಧ. ಹಾಗಂತ ಊಟ ಸರಿ ಇಲ್ಲ ಅಂತ ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸುವುದೂ ಅಪಾಯ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಏರುತ್ತದೆ. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಮನೆಯಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಬಣ್ಣ ಬಂದರೆ ನಾಳೆಗೆ ಅಂತ ಕಾಯಬೇಡಿ, ಅವತ್ತೇ ಹೋಗಿ.

ನಾನು ಮಾಡಿದ ಒಂದು ಕೆಲಸ ತುಂಬಾ ಉಪಯೋಗಕ್ಕೆ ಬಂತು. ಶುಗರ್ ಎಷ್ಟಿದ್ದರೆ, ಊಟ ಎಷ್ಟು ಹೋಗಿದ್ದರೆ, ಎಷ್ಟು ಯೂನಿಟ್ ಅಂತ ಡಾಕ್ಟರ್ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ರಾತ್ರಿ ನಿದ್ದೆಗಣ್ಣಲ್ಲಿ ಸಿರಿಂಜ್ ಹಿಡಿದು ನಿಂತಾಗ ಯೋಚನೆ ಓಡುವುದಿಲ್ಲ, ಆ ಹಾಳೆ ನೋಡಿದರೆ ಸಾಕು.

ಶುಗರ್ 60ಕ್ಕಿಂತ ಕೆಳಗೆ ಹೋದರೆ, ಅಥವಾ ಬೆಕ್ಕು ತೂರಾಡಿದರೆ, ನಡುಗಿದರೆ, ಮಂಕಾಗಿ ಬಿದ್ದುಕೊಂಡರೆ, ಗ್ಲುಕೋಸ್ ನೀರು ಅಥವಾ ಜೇನುತುಪ್ಪ ವಸಡಿಗೆ ಸವರಿ, ಸವರುತ್ತಲೇ ಆಸ್ಪತ್ರೆಗೆ ಹೊರಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಸುರಿಯಬೇಡಿ. ಲಿವರ್ ತೊಂದರೆ ಇರುವಾಗ ಇದರಲ್ಲಿ ಇನ್ನೂ ಹುಷಾರಾಗಿರಬೇಕು. ಶುಗರ್ ಇಳಿದಾಗ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುವುದು ಲಿವರ್‌ನ ಕೆಲಸ, ಅದೇ ಸೋತಿದ್ದರೆ ಬೆಕ್ಕಿಗೆ ಆ ಆಸರೆ ಸಿಗುವುದಿಲ್ಲ.

ಪ್ರೋಟೀನ್ ಬಗ್ಗೆ ನಿಮ್ಮ ಡಾಕ್ಟರ್ ಹೇಳಿದ್ದೇ ಸರಿ. ಬೆಕ್ಕಿಗೆ ಪ್ರೋಟೀನ್ ಬೇಕೇ ಬೇಕು, ಕಡಿಮೆ ಮಾಡಿದರೆ ಈ ಲಿವರ್ ವಾಸಿಯಾಗುವುದೂ ನಿಧಾನ. ಲಿವರ್ ಸೋತು ಅಮೋನಿಯಾ ತಲೆಗೆ ಏರಿದಾಗ ಮಾತ್ರ ಕಡಿಮೆ ಮಾಡುತ್ತಾರೆ. ಅದರ ಲಕ್ಷಣಗಳು ಬೇರೆ: ವಿಪರೀತ ಜೊಲ್ಲು, ದಿಕ್ಕು ತಪ್ಪಿದ ಹಾಗೆ ಓಡಾಟ, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಫಿಟ್ಸ್. ಅದನ್ನು ನಿರ್ಧರಿಸಬೇಕಾದವರು ಡಾಕ್ಟರೇ.

ಕ್ಲಿನಿಕ್‌ಕೆಲಸ:

ನಾನು ಪ್ರಾಣಿಗಳ ಕ್ಲಿನಿಕ್‌ನಲ್ಲಿ ಸಹಾಯಕಿ. ಮೇಲಿನವರು ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ.

ವಾಂತಿಗೆ ಬಹಳ ಸಲ ಕಾರಣ ವೇಗ. 5 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 220 ಕ್ಯಾಲರಿ ಬೇಕು (ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ). ಒಂದು ಎಂಎಲ್‌ಗೆ ಒಂದು ಕ್ಯಾಲರಿ ಇರುವ ಆಹಾರವಾದರೆ 220 ಎಂಎಲ್. ಅದನ್ನು ಮೂರು ಹೊತ್ತಿಗೆ ಹಾಕಿದರೆ ಬೆಕ್ಕು ತಡೆಯುವುದಿಲ್ಲ, ಇಷ್ಟು ದಿನ ಖಾಲಿ ಇದ್ದ ಹೊಟ್ಟೆ ಅದು. ಐದಾರು ಸಲ ಮಾಡಿ, ಪ್ರತಿ ಸಲ ಹದಿನೈದು ಇಪ್ಪತ್ತು ನಿಮಿಷ ತೆಗೆದುಕೊಳ್ಳಿ. ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಹಾಕಬೇಡಿ, ಉಗುರುಬೆಚ್ಚಗೆ ಮಾಡಿ. ಸಿರಿಂಜ್ ಒತ್ತುವಾಗ ಅವಳ ಮುಖ ನೋಡುತ್ತಿರಿ, ನುಂಗುವುದು, ತುಟಿ ನೆಕ್ಕುವುದು ಶುರುವಾದರೆ ಅಲ್ಲೇ ನಿಲ್ಲಿಸಿ. ಊಟದ ಮುಂಚೆ, ಆಮೇಲೆ ಟ್ಯೂಬ್‌ನಲ್ಲಿ ಐದು ಹತ್ತು ಎಂಎಲ್ ನೀರು ಬಿಡಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ.

ಬಟ್ಟಲ ಹತ್ತಿರ ಬಂದು ತುಟಿ ನೆಕ್ಕಿ ಹೋಗುತ್ತಿದ್ದಳು ಅಂದಿರಲ್ಲ, ಅದು ಹಟ ಅಲ್ಲ, ಓಕರಿಕೆ. ಅದಕ್ಕೆ ಔಷಧಿ ಇದೆ, ಕೇಳಿ. ಅದು ಕಡಿಮೆಯಾಗುವವರೆಗೆ ಬಾಯಿಗೆ ಬಲವಂತವಾಗಿ ಏನೂ ತುರುಕಬೇಡಿ. ಹಾಗೆ ಮಾಡಿದರೆ ಆ ಆಹಾರವನ್ನೇ ಅವಳು ಶಾಶ್ವತವಾಗಿ ದ್ವೇಷಿಸಬಹುದು. ಹಸಿವಿಗೆ ಕೊಡುವ ಮಾತ್ರೆಗಳನ್ನೂ ನೀವೇ ಶುರು ಮಾಡಬೇಡಿ, ಮಿರ್ಟಜಪಿನ್ ಲಿವರ್ ಮೂಲಕವೇ ಹೋಗಬೇಕು, ಕ್ಯಾಪ್ರೋಮೊರೆಲಿನ್ ಶುಗರ್ ಏರಿಸಬಹುದು.

ಸಿರಿಂಜ್ ಒಂದು ಸಲ ನೋಡಿಕೊಳ್ಳಿ. ಗ್ಲಾರ್ಜಿನ್‌ಗೆ ಯು-100 (ಒಂದು ಎಂಎಲ್‌ಗೆ 100 ಯೂನಿಟ್) ಸಿರಿಂಜ್. ಪ್ರಾಣಿಗಳಿಗೆಂದೇ ಬರುವ ಕೆಲವು ಇನ್ಸುಲಿನ್‌ಗಳು ಯು-40, ಅವುಗಳ ಸಿರಿಂಜ್ ಬೇರೆ. ಗ್ಲಾರ್ಜಿನ್ ಅನ್ನು ಯು-40 ಸಿರಿಂಜ್‌ನಲ್ಲಿ ಎಳೆದರೆ ಒಂದು ಗೆರೆಗೆ ಎರಡೂವರೆ ಪಟ್ಟು ಹೋಗುತ್ತದೆ. ಬೆಕ್ಕಿನ ಮೈಗೆ ಅದು ತುಂಬಾ ಜಾಸ್ತಿ.

ಬಾಯಿಗೆ ಹಾಕುವ ಔಷಧಿ ಈಗ ಬೇಡವೇ ಬೇಡ. ಅಮೆರಿಕದಲ್ಲಿ 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್, 2023ರಲ್ಲಿ ವೆಲಾಗ್ಲಿಫ್ಲೋಜಿನ್‌ಗೆ ಒಪ್ಪಿಗೆ ಸಿಕ್ಕಿದೆ ನಿಜ. ಆದರೆ ಅವು ಉಳಿದಂತೆ ಆರೋಗ್ಯವಾಗಿದ್ದು ಚೆನ್ನಾಗಿ ತಿನ್ನುತ್ತಿರುವ, ಮುಂಚೆ ಇನ್ಸುಲಿನ್ ತೆಗೆದುಕೊಂಡಿರದ ಬೆಕ್ಕುಗಳಿಗೆ. ನಿಮ್ಮವಳಿಗೆ ಈ ಯಾವುದೂ ಹೊಂದುವುದಿಲ್ಲ. ಹಳೆಯ ಗ್ಲಿಪಿಜೈಡ್ ಮಾತ್ರೆಯೂ ಬೇಡ, ಅದರಿಂದಲೇ ಲಿವರ್‌ಗೆ ಪೆಟ್ಟು ಬೀಳಬಹುದು.

ಚುಕ್ಕಿಮನೆ:

ಇಬ್ಬರಿಗೂ ತುಂಬಾ ಧನ್ಯವಾದ. ಹಟ ಅಲ್ಲ ಓಕರಿಕೆ ಅಂತ ಓದಿ ಅಳು ಬಂತು, ನಾನು ಅವಳನ್ನು ಗದರಿದ್ದೆ. ಟ್ಯೂಬ್ ತೆಗೆದ ಮೇಲೆ ಯಾವ ಆಹಾರ ಕೊಡಲಿ? ಡಬ್ಬಿಯ ಮೇಲೆ ಕಾರ್ಬೋಹೈಡ್ರೇಟ್ ಎಷ್ಟು ಅಂತ ಬರೆದೇ ಇಲ್ಲ.

ಅಳತೆಚಮಚ:

ಅದನ್ನು ನಾವೇ ಲೆಕ್ಕ ಹಾಕಬಹುದು. ಪ್ರೋಟೀನ್, ಕೊಬ್ಬು, ನೀರಿನಂಶ, ಬೂದಿ (ಅಂದರೆ ಖನಿಜಾಂಶ), ನಾರು ಎಲ್ಲಾ ಕೂಡಿಸಿ 100ರಲ್ಲಿ ಕಳೆಯಿರಿ, ಉಳಿದದ್ದು ಕಾರ್ಬೋಹೈಡ್ರೇಟ್. ಒಂದು ಡಬ್ಬಿಯಲ್ಲಿ ಪ್ರೋಟೀನ್ 11, ಕೊಬ್ಬು 5, ನೀರು 78, ಬೂದಿ 2.5, ನಾರು 0.5 ಇದೆ ಅಂದುಕೊಳ್ಳಿ. ಒಟ್ಟು 97, ಉಳಿದದ್ದು 3. ಈಗ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಅನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ. 38.5, 10.5, 42.5. ಒಟ್ಟು 91.5 ಕ್ಯಾಲರಿಯಲ್ಲಿ ಕಾರ್ಬೋಹೈಡ್ರೇಟ್‌ನದು 10.5, ಅಂದರೆ ಸುಮಾರು ನೂರಕ್ಕೆ 11. ಶುಗರ್ ಇರುವ ಬೆಕ್ಕಿಗೆ ನೂರಕ್ಕೆ 12ರ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಒಣ ಆಹಾರಕ್ಕೆ ಇದೇ ಲೆಕ್ಕ ಹಾಕಿ ನೋಡಿ, ಎಷ್ಟೋ ಸಲ 30 ದಾಟುತ್ತದೆ.

ಆದರೆ ಟ್ಯೂಬ್ ಇರುವಾಗಲೇ ಈ ಲೆಕ್ಕ ಹಿಡಿದು ಕೂರಬೇಡಿ. ಅವಳು ಬಾಯಿಂದ ಹಳೆಯ ಒಣ ಆಹಾರವನ್ನೇ ಕೇಳಿದರೂ ಮೊದಲು ಅದನ್ನೇ ತಿನ್ನಲಿ. ಆಮೇಲೆ ವಾರಗಟ್ಟಲೆ ತೆಗೆದುಕೊಂಡು, ದಿನಕ್ಕೆ ಒಂದು ಚಮಚದಷ್ಟು ಹೊಸದನ್ನು ಸೇರಿಸುತ್ತಾ ಬದಲಾಯಿಸಿ. ಬದಲಾಯಿಸುವಾಗ ಶುಗರ್ ಜಾಸ್ತಿ ಸಲ ನೋಡಿ, ಕಾರ್ಬೋಹೈಡ್ರೇಟ್ ಇಳಿದ ಹಾಗೆ ಇನ್ಸುಲಿನ್ ಕೂಡ ಇಳಿಸಬೇಕಾಗಿ ಬರಬಹುದು. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಂತದ್ದೂ ಉಂಟು. ರುಚಿಗೆ ಅಂತ ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರು ಮಾತ್ರ ಹಾಕಬೇಡಿ, ಬೆಕ್ಕಿನ ರಕ್ತಕ್ಕೆ ಅದು ವಿಷ.

ಚುಕ್ಕಿಮನೆ:

ಡಾಕ್ಟರ್ ಹತ್ತಿರ ಹೋಗಿ ಹಾಳೆ ಬರೆಸಿಕೊಂಡು ಬಂದೆ, ವಾಂತಿಗೂ ಔಷಧಿ ಕೊಟ್ಟಿದ್ದಾರೆ. ಸಿರಿಂಜ್ ಯು-100ನೇ, ಕವರ್ ಎರಡೆರಡು ಸಲ ನೋಡಿದೆ. ಊಟ ಈಗ ಆರು ಸಲ, ತಲಾ 37 ಎಂಎಲ್. ಸಂಜೆ ಟ್ಯೂಬ್‌ಗೆ ಹಾಕುವಾಗ ಚಮಚದಲ್ಲಿ ಅಂಟಿದ್ದನ್ನು ಅವಳೇ ಮೂಗು ಚಾಚಿ ಎರಡು ಸಲ ನೆಕ್ಕಿದಳು. ರಾತ್ರಿ ಶುಗರ್ 212, ಅರ್ಧ ಗಂಟೆ ಕಾದೆ, ವಾಂತಿ ಇಲ್ಲ, ಈಗಷ್ಟೇ ಇನ್ಸುಲಿನ್ ಕೊಟ್ಟೆ. ಬುಧವಾರ ರಕ್ತ ಪರೀಕ್ಷೆ ಇದೆ, ಆ ಹಳದಿಗೆ ಕಾರಣವಾದ ಬಿಲಿರುಬಿನ್ ಎಷ್ಟು ಬಂತು ಅಂತ ಇಲ್ಲೇ ಬರೆಯುತ್ತೇನೆ.