ಸಹಾಯ ಬೇಕ್ರಿ: ಥೈರಾಯ್ಡ್ ಸ್ಲೈಡ್ ಇನ್ನೊಮ್ಮೆ ಎಲ್ಲಿ ತೋರಸ್ಬೇಕು?

ನಮಸ್ಕಾರ್ರಿ. ಗದಗಿನಾಗ ಇರೋ ನಮ್ಮ ಅಕ್ಕನ ಮಗಳಿಗೆ 11 ವರ್ಷ, ಕುತ್ತಿಗಿ ಮುಂದ ಸಣ್ಣ ಗಂಟಾಗಿತ್ತು, ನೋವಿಲ್ಲ ಅಂತ ನಾವೂ ಸುಮ್ನಿದ್ವಿ (ತಪ್ಪು ನಮ್ದ), ಈಗ ಸೂಜಿ ಹಾಕಿ ಜೀವಕೋಶ ತಗದು ಗಾಜಿನ ಸ್ಲೈಡ್ ಮ್ಯಾಲೆ ನೋಡೋ ಎಫ್‌ಎನ್‌ಎಸಿ ಟೆಸ್ಟ್ ಮಾಡಿದ್ರ ಮೆಡ್ಯುಲರಿ ಕಾರ್ಸಿನೋಮಾ (ಒಂದು ನಮೂನಿ ಥೈರಾಯ್ಡ್ ಕ್ಯಾನ್ಸರ್) ಅನುಮಾನ ಅಂತ ಬರದಾರ. ಮಕ್ಕಳಾಗ ಜಾಸ್ತಿ ಬರೋದು ಪ್ಯಾಪಿಲರಿ ಅನ್ನೋ ನಮೂನಿ, ಇದು ಭಾಳ ಅಪರೂಪ, ಥೈರಾಯ್ಡಿನ ಸಿ ಸೆಲ್‌ನಿಂದ ಬರ್ತದಂತ, ಅದಕ್ಕ ರಕ್ತದಾಗ ಕ್ಯಾಲ್ಸಿಟೋನಿನ್ (ಆ ಸೆಲ್ ಮಾಡೋ ಹಾರ್ಮೋನ್) ನೋಡ್ಬೇಕು, ಜೀವಕೋಶಕ್ಕೂ ಅದನ್ನ ತೋರ್ಸೋ ಸ್ಟೇನ್ (ಬಣ್ಣ) ಹಾಕಿ ಖಾತ್ರಿ ಮಾಡ್ಕೋಬೇಕು, ಆಮ್ಯಾಲೆ ಇದು ವಂಶದಾಗ ಬಂದದ್ದೇನು ಅಂತ ನೋಡೋ ಆರ್‌ಇಟಿ (RET) ಜೀನ್ ಟೆಸ್ಟ್, ಅದು ಪಾಸಿಟಿವ್ ಬಂದ್ರ ಅಕ್ಕ-ಮಾಮಾಗೂ ಸಣ್ಣ ಹುಡುಗಗೂ ಮಾಡಸ್ಬೇಕಂತ.

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿಯೊಳಗ ಹೊರಗಿನ ಸ್ಲೈಡ್ ನೋಡ್ತಾರೇನ್ರಿ, ಇಲ್ಲಾ ಸೀದಾ ಬೆಂಗಳೂರು ಕಿದ್ವಾಯಿಗೇ ಒಯ್ಯಬೇಕಾ? ಸ್ಲೈಡ್ ಲ್ಯಾಬಿಂದ ಇಸ್ಕೊಂಡು ಇಟ್ಟೀನಿ. ಗೊತ್ತಿದ್ದವ್ರು ಇನ್‌ಬಾಕ್ಸ್ ಮಾಡ್ರಿ. ಕಷಾಯ, ಲೇಪ ಹೇಳೋರು ಮಾತ್ರ ಬ್ಯಾಡ್ರಿ, ಅಕ್ಕಗ ಕೇಳಿ ಕೇಳಿ ಸಾಕಾಗೇತಿ.